ಕನ್ನಡ ಓದಲು ಬಾರದ ಗ್ರಂಥಾಲಯಕ್ಕೆ ಒಂದು ಕಾಗದ

ಸಿಎಸ್‌ಐಆರ್ (ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ) ಮಹಾನಿರ್ದೇಶಕರಿಗೆ ಮತ್ತು ಆಯುಷ್ ಸಚಿವಾಲಯದ ಕಾರ್ಯದರ್ಶಿಗಳಿಗೆ,

ಮಾನ್ಯರೇ,

ಈ ಕಾಗದವನ್ನು ಬೇಕಂತಲೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆದಿದ್ದರೆ ನಿಮಗೆ ಬೇಗ ತಲುಪುತ್ತಿತ್ತು, ಗೊತ್ತು. ಕನ್ನಡದಲ್ಲಿದ್ದರೆ ಮೊದಲು ಇದನ್ನು ಓದಬಲ್ಲವರನ್ನು ಹುಡುಕಬೇಕು. ಅವರು ರಜೆಯಲ್ಲಿದ್ದರೆ ಕಾಗದ ಮೇಜಿನ ಮೇಲೇ ಕೂತಿರುತ್ತದೆ. ನನ್ನ ತಕರಾರು ಇರುವುದೂ ಇದರ ಬಗ್ಗೆಯೇ: ನಮ್ಮ ಹಳೆಯ ಮದ್ದುಗಳಿಗೆ ಬೇರೆಯವರು ಪೇಟೆಂಟ್ ಪಡೆಯದಂತೆ ನೀವು ಕಟ್ಟಿದ ಗ್ರಂಥಾಲಯಕ್ಕೂ ಕನ್ನಡ ಓದಲು ಬರುವುದಿಲ್ಲ.

ನಾನು ಹಳೆಯ ಕೈಬರಹ ಓದಿ ನಕಲು ಮಾಡುವವನು. ಓಲೆಗರಿ, ಕಡತ, ಮನೆಗಳ ಅಟ್ಟದಿಂದ ಇಳಿದು ಬರುವ ಪುಸ್ತಕ, ಯಾವುದಾದರೂ ಸರಿ. ನಮ್ಮ ಅಜ್ಜನದ್ದೇ ಒಂದು ಪುಸ್ತಕ ನನ್ನ ಹತ್ತಿರ ಇದೆ. ಉದ್ದನೆಯ ಜಮಾಖರ್ಚು ಪುಸ್ತಕ. ಮುಂದಿನಿಂದ ತೆರೆದರೆ ಅಡಿಕೆ ಲೆಕ್ಕ: ಇಷ್ಟು ಮಣ, ಇಂಥವರಿಗೆ, ಇಷ್ಟು ಬಾಕಿ. ತಲೆಕೆಳಗು ಮಾಡಿ ಹಿಂದಿನಿಂದ ತೆರೆದರೆ ಮದ್ದು. ಮಧ್ಯದಲ್ಲೆಲ್ಲೋ ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಅಲ್ಲಿ ಒಂದೇ ಪುಟದಲ್ಲಿ ಅರ್ಧ ಸಾಲದ ಲೆಕ್ಕ, ಅರ್ಧ ಕೆಮ್ಮಿನ ಕಷಾಯ.

ಅದರಲ್ಲಿ ಒಂದು ಕಡೆ ಹೀಗಿದೆ: "ಕಾಮಾಲೆಗೆ. ಕಿರುನೆಲ್ಲಿ ಬೇರು ಸಮೇತ ಒಂದು ಹಿಡಿ. ನುಣ್ಣಗೆ ಅರೆದು ಮಜ್ಜಿಗೆಯಲ್ಲಿ ಕದಡಿ ಬರಿಹೊಟ್ಟೆಗೆ ಮೂರು ದಿನ. ಪಥ್ಯ, ಎಣ್ಣೆ ಖಾರ ಬಿಡುವುದು." ಅಷ್ಟೇ. (ಇದನ್ನು ಓದಿ ಯಾರೂ ಅರೆಯಲು ಕೂರಬೇಡಿ. ಜಾಂಡೀಸ್ ಬಂದರೆ ಡಾಕ್ಟರ ಹತ್ತಿರ ಹೋಗಿ. ಈ ಮದ್ದು ಕೆಲಸ ಮಾಡುತ್ತದೋ ಇಲ್ಲವೋ ಎಂಬ ಚರ್ಚೆ ಇಲ್ಲಿ ನನಗೆ ಬೇಕಿಲ್ಲ. ಇದು ಮೊದಲೇ ಗೊತ್ತಿತ್ತು ಅನ್ನುವುದಷ್ಟೇ ಬೇಕು.)

ಈಗ 1987ಕ್ಕೆ ಬರೋಣ. ಆ ವರ್ಷ ಅಮೆರಿಕದ ಒಂದು ಕ್ಯಾನ್ಸರ್ ಸಂಶೋಧನಾ ಸಂಸ್ಥೆಗೆ ಒಂದು ಪೇಟೆಂಟ್ ಸಿಕ್ಕಿತು. (ಪೇಟೆಂಟ್ ಅಂದರೆ ಹೊಸ ಆವಿಷ್ಕಾರದ ಮೇಲಿನ ಹಕ್ಕು, ಮೊದಲೇ ಗೊತ್ತಿದ್ದದ್ದಕ್ಕೆ ಅದು ಸಿಗಬಾರದು.) ಫಿಲಾಂತಸ್ ಗಿಡದ ಸಾರದಿಂದ ವೈರಲ್ ಹೆಪಟೈಟಿಸ್‌ಗೆ ಚಿಕಿತ್ಸೆ. ಫಿಲಾಂತಸ್ ಅಂದರೆ ನಮ್ಮ ಕಿರುನೆಲ್ಲಿ, ನೆಲನೆಲ್ಲಿಗಳ ಕುಲ. ಅವರು ಲ್ಯಾಬಿನಲ್ಲಿ ಮಾಡಿದ ಕೆಲಸ ಸುಳ್ಳು ಅಂತ ನಾನು ಹೇಳುವುದಿಲ್ಲ. ವೈರಸ್ ಮೇಲೆ ಸಾರ ಏನು ಮಾಡುತ್ತದೆ ಅಂತ ನೋಡುವುದು ನಮ್ಮ ಅಜ್ಜನ ಕೈಯಲ್ಲಿ ಆಗುವ ಕೆಲಸ ಆಗಿರಲಿಲ್ಲ. ಆದರೆ ಈ ಗಿಡದ ಕಡೆ, ಈ ಕಾಯಿಲೆಯ ಕಡೆ ಬೆರಳು ತೋರಿಸಿದವರು ಯಾರು? ಲಕ್ಷಾಂತರ ಗಿಡಗಳಲ್ಲಿ ಇದನ್ನೇ ಕಿತ್ತು ತಂದದ್ದು ಹೇಗೆ? ಆ ಬೆರಳಿಗೆ ಪೇಟೆಂಟ್ ಕಾಗದದಲ್ಲಿ ಎಷ್ಟು ಜಾಗ ಸಿಗಬೇಕು ಅನ್ನುವುದೇ ಜಗಳ.

ಅರಿಶಿನದ ಕತೆ ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ, ಗೆದ್ದವರೇ ನೀವು. 1995ರ ಮಾರ್ಚ್‌ನಲ್ಲಿ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ಸಿಕ್ಕಿತು. ಗಾಯಕ್ಕೆ ಅರಿಶಿನ ಹಚ್ಚಿ ಮಾಯಿಸುವುದು ಹೊಸ ಆವಿಷ್ಕಾರ ಅಂತ. ಅರ್ಜಿ ಹಾಕಿದ ಇಬ್ಬರೂ ಭಾರತೀಯ ಮೂಲದವರು. ಅವರು ಚಿಕ್ಕವರಿದ್ದಾಗ ಮೊಣಕಾಲು ತರಚಿಕೊಂಡರೆ ಮನೆಯವರು ಏನು ಮೆತ್ತುತ್ತಿದ್ದರು ಅಂತ ಯಾರಾದರೂ ಕೇಳಬೇಕಿತ್ತು. ಆದರೆ ಅಮೆರಿಕದ ಆಗಿನ ಕಾನೂನಿಗೆ ಆ ಪ್ರಶ್ನೆಯೇ ಲೆಕ್ಕಕ್ಕಿರಲಿಲ್ಲ. ಬೇರೆ ದೇಶದಲ್ಲಿ ಬರೀ ಬಳಕೆಯಲ್ಲಿದ್ದರೆ ಸಾಲದು, ಎಲ್ಲಾದರೂ ಅಚ್ಚಾಗಿರಬೇಕು. 2013ರ ಮಾರ್ಚ್‌ವರೆಗೆ ಅಲ್ಲಿ ಇದೇ ನಿಯಮ ನಡೆಯಿತು. ಹಾಗಾಗಿ ನೀವು 32 ದಾಖಲೆ ಹೊತ್ತುಕೊಂಡು ಹೋದಿರಿ. ಸಂಸ್ಕೃತದ್ದು, ಹಿಂದಿಯದ್ದು, ಉರ್ದುವಿನದ್ದು, ಜೊತೆಗೆ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1953ರಲ್ಲಿ ಬಂದ ಒಂದು ಲೇಖನ. 1997ರ ಆಗಸ್ಟ್‌ನಲ್ಲಿ ಪೇಟೆಂಟ್ ಬಿತ್ತು.

ಕೋಟ್ಯಂತರ ಅಮ್ಮಂದಿರು ದಿನಾ ಮಾಡುವ ಕೆಲಸಕ್ಕೆ 32 ಕಾಗದ ಬೇಕಾಯಿತು. ಆ ಕಾಗದಗಳು ಇರದಿದ್ದರೆ?

ಬೇವಿನದ್ದು ಇನ್ನೂ ಉದ್ದ. ಯೂರೋಪಿನ ಪೇಟೆಂಟ್ ಕಚೇರಿ 1994ರಲ್ಲಿ ಅಮೆರಿಕದ ಕೃಷಿ ಇಲಾಖೆಗೂ ಡಬ್ಲ್ಯು.ಆರ್. ಗ್ರೇಸ್ ಕಂಪನಿಗೂ ಬೇವಿನ ಎಣ್ಣೆಯಿಂದ ಶಿಲೀಂಧ್ರ ತಡೆಯುವ ವಿಧಾನಕ್ಕೆ ಪೇಟೆಂಟ್ ಕೊಟ್ಟಿತು. ಪರಿಸರ ಹೋರಾಟಗಾರ್ತಿ ವಂದನಾ ಶಿವ ಮತ್ತು ಅವರ ಜೊತೆಯವರು 1995ರಲ್ಲಿ ತಕರಾರು ಹಾಕಿದರು. ಅದು ರದ್ದಾದದ್ದು 2000ದ ಮೇ ತಿಂಗಳಲ್ಲಿ, ಮೇಲ್ಮನವಿಯೂ ಬಿದ್ದು ಮುಗಿದದ್ದು 2005ರ ಮಾರ್ಚ್‌ನಲ್ಲಿ. ಒಂದು ಬೇವಿನ ಎಣ್ಣೆಗೆ ಹತ್ತು ವರ್ಷ. ಯೂರೋಪಿನ ಕಾನೂನು ಬಾಯಿಮಾತಿನ ತಿಳಿವಳಿಕೆಯನ್ನೂ ಬಳಕೆಯನ್ನೂ ಒಪ್ಪುತ್ತದೆ. ಆದರೆ ಯಾರು, ಎಲ್ಲಿ, ಯಾವಾಗ ಅಂತ ರುಜುವಾತು ಕೇಳುತ್ತದೆ. "ನಮ್ಮಲ್ಲಿ ಮೊದಲಿಂದಲೂ ಇದೆ" ಅಂದರೆ ಅವರ ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ.

ಇದೆಲ್ಲ ಆದ ಮೇಲೆ ನೀವು ಮಾಡಿದ ಕೆಲಸಕ್ಕೆ ನಾನು ಕೈಮುಗಿಯುತ್ತೇನೆ, ವ್ಯಂಗ್ಯವಾಗಿ ಅಲ್ಲ. 2001ರಲ್ಲಿ ಶುರುವಾದ ಸಾಂಪ್ರದಾಯಿಕ ಜ್ಞಾನ ಡಿಜಿಟಲ್ ಗ್ರಂಥಾಲಯ, ನಿಮ್ಮ ಟಿಕೆಡಿಎಲ್. ಹಳೆಯ ಗ್ರಂಥಗಳ ಮದ್ದುಗಳನ್ನು ಒಂದೊಂದಾಗಿ ಬಿಡಿಸಿ, ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಜಪಾನಿ ಭಾಷೆಗಳಲ್ಲಿ ಪೇಟೆಂಟ್ ಪರೀಕ್ಷಕರ ಕಣ್ಣೆದುರು ಇಟ್ಟಿರಿ. ಪೇಟೆಂಟ್ ಸಿಕ್ಕ ಮೇಲೆ ಹತ್ತು ವರ್ಷ ಅಲೆಯುವ ಬದಲು, ಅರ್ಜಿ ಹಂತದಲ್ಲೇ ತಡೆಯುವ ದಾರಿ. 2009ರಲ್ಲಿ ಯೂರೋಪ್ ಮತ್ತು ಅಮೆರಿಕದ ಕಚೇರಿಗಳು ಒಪ್ಪಂದ ಮಾಡಿಕೊಂಡವು. ಅಲ್ಲಿಂದ ಈಚೆಗೆ ಇನ್ನೂರಕ್ಕೂ ಹೆಚ್ಚು ಅರ್ಜಿಗಳು ಬಿದ್ದಿವೆ, ಇಲ್ಲವೇ ಹಿಂದೆ ಸರಿದಿವೆ, ಇಲ್ಲವೇ ತಿದ್ದಿಕೊಂಡಿವೆ. ಸರ್ಕಾರಿ ಕೆಲಸದಲ್ಲಿ ಇಂಥದ್ದು ಅಪರೂಪ ಅಲ್ವಾ?

ಆದರೆ ಈ ಗ್ರಂಥಾಲಯಕ್ಕೆ ತಿಳಿವಳಿಕೆ ಯಾವ ಭಾಷೆಗಳಿಂದ ಬಂದಿದೆ? ನೀವೇ ಹೇಳುವ ಪಟ್ಟಿ: ಸಂಸ್ಕೃತ, ಹಿಂದಿ, ಅರಬಿ, ಪರ್ಷಿಯನ್, ಉರ್ದು, ತಮಿಳು. ತಮಿಳು ಯಾಕೆ ಬಂತು ಅಂದರೆ ಸಿದ್ಧ ವೈದ್ಯದ ಗ್ರಂಥಗಳು ಆ ಭಾಷೆಯಲ್ಲಿವೆ. ಸಂತೋಷ. ಆದರೆ ಪಟ್ಟಿಯಲ್ಲಿ ಕನ್ನಡದ ಹೆಸರಿಲ್ಲ. ಕನ್ನಡದ ವೈದ್ಯ ಯಾವುದೋ ಒಂದು 'ಪದ್ಧತಿ'ಯ ಹಣೆಪಟ್ಟಿ ಹಚ್ಚಿಕೊಂಡಿಲ್ಲ, ಅದಕ್ಕೇ ಇರಬೇಕು. ಇದು ಆಯುರ್ವೇದವೇ ಅಂದರೆ ಸಂಸ್ಕೃತದಲ್ಲಿ ತೋರಿಸಿ ಅನ್ನುತ್ತಾರೆ. ಅಲ್ಲ ಅಂದರೆ ಇದು ಹಳ್ಳಿ ಮದ್ದು, ಪದ್ಧತಿ ಅಲ್ಲ ಅನ್ನುತ್ತಾರೆ. ಎರಡು ಬಾಗಿಲ ಮಧ್ಯೆ ನಾವು ಜಗಲಿ ಮೇಲೆ.

ಬರಹ ಇಲ್ಲ ಅಂತ ಮಾತ್ರ ಹೇಳಬೇಡಿ. 12ನೇ ಶತಮಾನದಲ್ಲಿ ಚಾಲುಕ್ಯ ಮನೆತನದ ಕೀರ್ತಿವರ್ಮ ದನಕರುಗಳ ಕಾಯಿಲೆ, ಮದ್ದುಗಳ ಮೇಲೆ 'ಗೋವೈದ್ಯ' ಬರೆದ, ಕನ್ನಡದಲ್ಲಿ. ಅದೇ ಶತಮಾನದಲ್ಲಿ ಜಗದ್ದಳ ಸೋಮನಾಥ 'ಕಲ್ಯಾಣಕಾರಕ'ವನ್ನು ಕನ್ನಡಕ್ಕೆ ತಂದ. 14ನೇ ಶತಮಾನದಲ್ಲಿ, ವಿಜಯನಗರದ ಮೊದಲ ದಿನಗಳಲ್ಲಿ, ಮಂಗರಾಜ 'ಖಗೇಂದ್ರಮಣಿದರ್ಪಣ' ಬರೆದ. ಪೂರ್ತಿ ವಿಷದ ಮೇಲೆಯೇ ಒಂದು ಕಾವ್ಯ. ಗಿಡದ ವಿಷ, ಹಾವಿನ ವಿಷ, ಹುಳುಹುಪ್ಪಟೆಯ ವಿಷ, ಅವಕ್ಕೆ ಮದ್ದು. ಇವೆಲ್ಲ ಯಾವುದೋ ಅಟ್ಟದಲ್ಲಿ ಬಚ್ಚಿಟ್ಟದ್ದಲ್ಲ. ಅಚ್ಚಾದವಿವೆ, ಲೈಬ್ರರಿಗಳಲ್ಲಿವೆ, ಎಂ.ಎ. ಓದುವ ಮಕ್ಕಳು ಸಾಹಿತ್ಯ ಚರಿತ್ರೆಯಲ್ಲಿ ಇವುಗಳ ಹೆಸರು ಬರೆದು ಪಾಸಾಗುತ್ತಾರೆ. ಪರೀಕ್ಷೆಯಲ್ಲಿ ಪ್ರಶ್ನೆ ಬರುವಷ್ಟು ಸಾರ್ವಜನಿಕ ಇವು. ಆದರೆ ಮ್ಯೂನಿಕ್‌ನ ಯೂರೋಪಿಯನ್ ಪೇಟೆಂಟ್ ಕಚೇರಿಯಲ್ಲಿ ಕೂತ ಪರೀಕ್ಷಕನ ಪರದೆಯ ಮೇಲೆ ಬರುವುದಿಲ್ಲ.

ಇದರ ಕಷ್ಟ ಎಷ್ಟು ಅಂತ ನನಗೆ ಗೊತ್ತು, ದಿನಾ ಅದರಲ್ಲೇ ಇದ್ದೇನೆ. ಒಂದು ಸಣ್ಣ ಉದಾಹರಣೆ ಹೇಳುತ್ತೇನೆ. ಹಳೆಯ ಪುಸ್ತಕದಲ್ಲಿ 'ಬ್ರಾಹ್ಮಿ' ಅಂತ ಇದೆ ಅನ್ನಿ. ನಮ್ಮ ಕಡೆ ಜಾಸ್ತಿ ಜನ ಬ್ರಾಹ್ಮಿ ಅನ್ನುವುದು ಒಂದೆಲಗಕ್ಕೆ. ತುಳುವಿನವರು ಅದನ್ನೇ ತಿಮರೆ ಅನ್ನುತ್ತಾರೆ, ಇನ್ನು ಕೆಲವರು ಸರಸ್ವತಿ ಸೊಪ್ಪು ಅನ್ನುತ್ತಾರೆ. ಅದು ಸೆಂಟೆಲ್ಲಾ. ಆದರೆ ನೀರುಬ್ರಾಹ್ಮಿ ಅಂತ ಇನ್ನೊಂದಿದೆ, ಅದನ್ನೂ ಸುಮ್ನೆ ಬ್ರಾಹ್ಮಿ ಅನ್ನುವವರಿದ್ದಾರೆ. ಅದು ಬಕೋಪಾ. ಎರಡೂ ಬೇರೆ ಬೇರೆ ಕುಟುಂಬದ ಗಿಡಗಳು, ಎರಡಕ್ಕೂ ನೆನಪಿನ ಶಕ್ತಿಯ ಹೆಸರಿದೆ. ನಕಲು ಮಾಡುವವನು ಇಲ್ಲಿ ತಪ್ಪಿದರೆ ದಾಖಲೆಯೇ ಹೋಯಿತು. "ಎಲೆ ನಾಣ್ಯದ ಹಾಗೆ, ಗದ್ದೆ ಬದುವಿನಲ್ಲಿ ಹಬ್ಬುತ್ತದೆ" ಅಂತ ಬರೆದವನು ಒಂದು ಸಾಲು ಸೇರಿಸಿದ್ದರೆ ನಾವು ಬದುಕಿಕೊಂಡೆವು. ಸೇರಿಸದಿದ್ದರೆ ಆ ಊರಿಗೇ ಹೋಗಿ, ಗಿಡ ಕಿತ್ತು ತೋರಿಸಿ ಕೇಳಬೇಕು. ದೆಹಲಿಯಲ್ಲಿ ಕೂತು ಪದಕೋಶ ನೋಡಿ ಆಗುವ ಕೆಲಸ ಅಲ್ಲ.

ತಾರೀಕಿನದ್ದು ಇನ್ನೊಂದು ಫಜೀತಿ. ನಮ್ಮಜ್ಜನ ಪುಸ್ತಕದಲ್ಲಿ ಇಸವಿ ಇಲ್ಲ. 'ಬಹುಧಾನ್ಯ ಸಂವತ್ಸರದ ಕಾರ್ತಿಕ' ಅಂತ ಇದೆ. ಸಂವತ್ಸರ 60 ವರ್ಷಕ್ಕೊಮ್ಮೆ ಸುತ್ತಿ ಬರುತ್ತದೆ. ಹಾಗಾದರೆ 1878 ಇರಬಹುದು, 1938 ಇರಬಹುದು, 1998 ಇರಬಹುದು. 1878ರಲ್ಲಿ ಅಜ್ಜ ಹುಟ್ಟಿರಲಿಲ್ಲ, 1998ರಲ್ಲಿ ಇರಲಿಲ್ಲ. ಹಾಗಾಗಿ 1938. ಅದೂ ಮದ್ದಿನ ಕಡೆ ಬರೆದದ್ದಲ್ಲ, ಅಡಿಕೆ ಲೆಕ್ಕದ ಕಡೆ. ಎರಡೂ ಡಿಕ್ಕಿ ಹೊಡೆಯುವ ಪುಟದಲ್ಲಿ ಲೆಕ್ಕದ ಸಾಲುಗಳು ಮದ್ದಿನ ಸಾಲುಗಳನ್ನು ತಪ್ಪಿಸಿಕೊಂಡು ಅಂಚಿನಲ್ಲಿ ಹೋಗಿವೆ. ಅಂದರೆ ಮದ್ದು ಮೊದಲು ಬರೆದದ್ದು, ಲೆಕ್ಕ ಆಮೇಲೆ. ಯಾರೋ ಮೂರು ಮಣ ಅಡಿಕೆ ಒಯ್ದು ದುಡ್ಡು ಬಾಕಿ ಇಟ್ಟದ್ದರಿಂದ ಆ ಕಾಮಾಲೆ ಮದ್ದಿಗೆ ಒಂದು ತಾರೀಕು ಸಿಕ್ಕಿತು. ಇಂಥ ಸಾಕ್ಷಿಯನ್ನು ಓದಬಲ್ಲವರು ನಿಮ್ಮ ತಂಡದಲ್ಲಿ ಎಷ್ಟು ಜನ ಇದ್ದಾರೆ?

ಇಲ್ಲಿ ಒಂದು ತಕರಾರು ಬರುತ್ತದೆ, ನಾನೇ ಹೇಳಿಬಿಡುತ್ತೇನೆ. ಪೆಟ್ಟಿಗೆಯಲ್ಲಿದ್ದ ಪುಸ್ತಕ ಹೊರದೇಶದ ಕಾನೂನಿನ ಲೆಕ್ಕದಲ್ಲಿ 'ಸಾರ್ವಜನಿಕ' ಅಲ್ಲ. ನಿಜ. ಆದರೆ ನಮ್ಮ ಕಾನೂನು ಇನ್ನೂ ದೊಡ್ಡ ಮನಸ್ಸಿನದು. 1970ರ ಪೇಟೆಂಟ್ ಕಾಯ್ದೆಯ 3(ಪಿ) ಪ್ರಕಾರ ಸಾಂಪ್ರದಾಯಿಕ ತಿಳಿವಳಿಕೆ ಆವಿಷ್ಕಾರವೇ ಅಲ್ಲ. 25ನೇ ಸೆಕ್ಷನ್ ಪ್ರಕಾರ, ಸ್ಥಳೀಯ ಸಮುದಾಯದಲ್ಲಿ ಬಾಯಿಮಾತಿನಲ್ಲೇ ಇದ್ದರೂ ಸರಿ, ಮೊದಲೇ ಗೊತ್ತಿದ್ದ ವಿಷಯ ಅಂತ ತಕರಾರು ಹಾಕಬಹುದು. ಪೇಟೆಂಟ್ ಕೊಡುವ ಮೊದಲಾದರೆ ಯಾರು ಬೇಕಾದರೂ ಹಾಕಬಹುದು. ಓದಿದಾಗ ಖುಷಿಯಾಗುತ್ತದೆ. ಆದರೆ ಯಾವ ನಾಟಿ ವೈದ್ಯರು ಚೆನ್ನೈನ ಪೇಟೆಂಟ್ ಕಚೇರಿಯ ಪ್ರಕಟಣೆಗಳನ್ನು ಪ್ರತಿ ವಾರ ಇಂಗ್ಲಿಷಿನಲ್ಲಿ ಓದಿ ತಕರಾರು ಹಾಕುತ್ತಾರೆ? ಮೊದಲು ಅದಕ್ಕೆ ಶುಲ್ಕವಾದರೂ ಇರಲಿಲ್ಲ. 2024ರ ಮಾರ್ಚ್‌ನ ತಿದ್ದುಪಡಿಯಲ್ಲಿ ಅದನ್ನೂ ಸೇರಿಸಿದರು.

ನಮ್ಮ ಕಚೇರಿಗಳೂ ಎಡವುತ್ತವೆ. ನೇರಳೆ ಮೊದಲಾದವನ್ನು ಬೆರೆಸಿದ ಸಕ್ಕರೆ ಕಾಯಿಲೆಯ ಮದ್ದಿಗೆ ನಮ್ಮಲ್ಲೇ ಪೇಟೆಂಟ್ ಕೊಟ್ಟು, ಕೊನೆಗೆ 2012ರಲ್ಲಿ ಕೇಂದ್ರ ಸರ್ಕಾರವೇ 66ನೇ ಸೆಕ್ಷನ್ ಹಿಡಿದು ರದ್ದು ಮಾಡಬೇಕಾಯಿತು. ನೇರಳೆ ಬೀಜದ ಪುಡಿ! ಅದೂ ಕಣ್ಣು ತಪ್ಪಿಸಿತು ಅಂದರೆ, ಕನ್ನಡದಲ್ಲಿ ಮಾತ್ರ ಹೆಸರಿರುವ ಬಳ್ಳಿಯ ಗತಿ ಏನು?

ಬಾಯಿಮಾತಿನದ್ದಕ್ಕೆ ಬೇರೆ ವ್ಯವಸ್ಥೆ ಇದೆಯಲ್ಲ ಅಂತ ನೀವು ಹೇಳಬಹುದು. ಇದೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯಿತಿಯೂ ಜನತಾ ಜೀವವೈವಿಧ್ಯ ದಾಖಲಾತಿ ಮಾಡಬೇಕು, ಅಂದರೆ ಊರಿನ ಗಿಡ, ಪ್ರಾಣಿ, ಅವುಗಳ ಬಗ್ಗೆ ಊರವರ ತಿಳಿವಳಿಕೆಯ ಪಟ್ಟಿ. ವರ್ಷಗಟ್ಟಲೆ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. 2019ರಲ್ಲಿ ಹಸಿರು ನ್ಯಾಯಮಂಡಳಿ ಗದರಿತು. 2020ರ ಜನವರಿ 31ರೊಳಗೆ ಮುಗಿಸಿ, ಇಲ್ಲವಾದರೆ ರಾಜ್ಯಕ್ಕೆ ತಿಂಗಳಿಗೆ 10 ಲಕ್ಷ ರೂಪಾಯಿ. ಆಮೇಲೆ ನೋಡಿ ಓಟ.

ಆ ಓಟದಲ್ಲಿ ತಯಾರಾದ ಒಂದು ದಾಖಲಾತಿಯನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಯಾವ ಪಂಚಾಯಿತಿ ಅಂತ ಹೇಳುವುದಿಲ್ಲ, ಅಲ್ಲಿನವರದ್ದೊಂದೇ ತಪ್ಪಲ್ಲ. ಸ್ಪೈರಲ್ ಬೈಂಡಿಂಗ್, ಬಣ್ಣದ ಮುಖಪುಟ. ಒಳಗೆ ಸಮುದ್ರದ ಮೀನಿನ ಹೆಸರುಗಳು. ಆ ಊರಿಗೆ ಸಮುದ್ರ ನೂರು ಕಿಲೋಮೀಟರ್ ದೂರ. ಎಲ್ಲಿಂದಲೋ ಕಾಪಿ ಹೊಡೆದದ್ದು. 'ಸ್ಥಳೀಯ ವೈದ್ಯರು' ಅನ್ನುವ ಕಾಲಂನಲ್ಲಿ 'ಇಲ್ಲ' ಅಂತ ಟೈಪ್ ಮಾಡಿದ್ದರು. ಪಂಚಾಯಿತಿ ಕಟ್ಟಡದಿಂದ ಕಲ್ಲು ಹೊಡೆದರೆ ಬೀಳುವಷ್ಟು ದೂರದಲ್ಲಿ ಒಬ್ಬ ಅಜ್ಜಿ ಇದ್ದಾರೆ. ಮೂರು ಊರಿನವರು ಸರ್ಪಸುತ್ತು ಎದ್ದರೆ ಅವರ ಹತ್ತಿರ ಹೋಗುತ್ತಾರೆ. ಗರಿಕೆ, ಕೆಮ್ಮಣ್ಣು, ಇನ್ನೊಂದು ಸೊಪ್ಪು. ಎಲ್ಲರೂ ಕರೆಯುವುದೇ ಮದ್ದಿನ ಅಜ್ಜಿ ಅಂತ. ದಾಖಲಾತಿ ಮಾಡುವವರು ಬಂದ ದಿನ ಅವರು ಅಂಗಳದಲ್ಲೇ ಇದ್ದರಂತೆ, ಸೊಪ್ಪು ಅರೆಯುತ್ತ.

ಹಾಗಂತ ಎಲ್ಲವನ್ನೂ ಬಾಚಿ ಕಂಪ್ಯೂಟರಿಗೆ ತುಂಬಿ ಅಂತಲೂ ನಾನು ಕೇಳುತ್ತಿಲ್ಲ. ಇದು ನನಗೆ ಮುಖ್ಯ. ಅಚ್ಚಾದ ಪುಸ್ತಕ ಬೇರೆ, ಅಜ್ಜಿಯ ತಲೆಯಲ್ಲಿರುವುದು ಬೇರೆ. ಪುಸ್ತಕಗಳದ್ದು ಈಗಲೇ ಶುರು ಮಾಡಿ, ಯಾರನ್ನೂ ಕೇಳಬೇಕಿಲ್ಲ, ಏಳೆಂಟು ನೂರು ವರ್ಷದ ಹಿಂದೆಯೇ ಅವು ಎಲ್ಲರವೂ ಆಗಿವೆ. ಆದರೆ ಅಜ್ಜಿಯದ್ದು ಅವರದ್ದು. ಟಿಕೆಡಿಎಲ್ ಮೊದಲು ಪೇಟೆಂಟ್ ಕಚೇರಿಗಳಿಗೆ ಮಾತ್ರ ತೆರೆದಿತ್ತು, ಅದೂ ಹುಡುಕಲಿಕ್ಕೆ ಮಾತ್ರ. 2022ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಅದನ್ನು ಕಂಪನಿಗಳಿಗೂ ಸಂಶೋಧಕರಿಗೂ ಚಂದಾ ಮೇಲೆ ತೆರೆಯಲು ಒಪ್ಪಿತು. ಹಳೆಯ ಗ್ರಂಥಗಳ ಮಟ್ಟಿಗೆ ಅದು ಸರಿಯೇ ಇರಬಹುದು. ಆದರೆ ಅಜ್ಜಿಯ ಮದ್ದನ್ನೂ ಅದೇ ಕಪಾಟಿನಲ್ಲಿ ಇಟ್ಟರೆ, ಕಳ್ಳನಿಗೆ ಹೆದರಿ ಒಡವೆಯನ್ನು ಸಂತೆಯಲ್ಲಿ ಹರಡಿದ ಹಾಗಾಗುತ್ತದೆ.

2023ರ ಜೀವವೈವಿಧ್ಯ ತಿದ್ದುಪಡಿ ಇದಕ್ಕೆ ಇನ್ನೊಂದು ಗಂಟು ಹಾಕಿದೆ. ಔಷಧ ಕಾಯ್ದೆಯ ಮೊದಲನೇ ಶೆಡ್ಯೂಲಿನಲ್ಲಿರುವ ಗ್ರಂಥಗಳ ತಿಳಿವಳಿಕೆ ಬಳಸುವ ನಮ್ಮ ದೇಶದ ಕಂಪನಿಗಳಿಗೆ ಲಾಭ ಹಂಚಿಕೆಯಿಂದ, ಅಂದರೆ ತಿಳಿವಳಿಕೆ ಇದ್ದವರಿಗೆ ಲಾಭದಲ್ಲಿ ಪಾಲು ಕೊಡುವುದರಿಂದ, ವಿನಾಯಿತಿ. ನಾಳೆ ಹಳ್ಳಿ ಮದ್ದುಗಳನ್ನೂ ಒಂದು ಪುಸ್ತಕ ಮಾಡಿ ಆ ಶೆಡ್ಯೂಲಿಗೆ ಸೇರಿಸಿದರೆ, ಹೊರಗಿನವರಿಂದ ಕಾಪಾಡಿ ಒಳಗಿನವರಿಗೆ ಪುಕ್ಕಟೆ ಕೊಟ್ಟ ಹಾಗೆ. ಹಾಗೆ ಮಾಡುವುದಿಲ್ಲ ಅಂತ ನೀವು ಬರೆದು ಕೊಡಬೇಕು. ಹಂಚಿಕೊಳ್ಳುವುದು ಆಗದ ಮಾತೇನಲ್ಲ. ಕೇರಳದ ಕಾಣಿ ಬುಡಕಟ್ಟಿನವರು ಆರೋಗ್ಯಪಚ್ಚ ಗಿಡದ ಗುಟ್ಟು ಹೇಳಿದರು. ಅದರಿಂದ ತಿರುವನಂತಪುರದ ಹತ್ತಿರದ ಸಸ್ಯೋದ್ಯಾನ ಸಂಸ್ಥೆ 'ಜೀವನಿ' ಮಾಡಿತು. ಬಂದ ಲೈಸೆನ್ಸ್ ಹಣದಲ್ಲಿ ಅರ್ಧ ಕಾಣಿಗಳಿಗೆ ಅಂತ ಒಪ್ಪಿತು. ಆಮೇಲೆ ಅಲ್ಲಿಯೂ ತೊಡಕುಗಳು ಬಂದವು, ಆದರೆ ಕೇಳಿ ತೆಗೆದುಕೊಂಡರು ಅನ್ನುವುದೇ ದೊಡ್ಡದು.

ನಾನು ಕೇಳುವುದು ಇಷ್ಟು. ಕನ್ನಡವನ್ನು ನಿಮ್ಮ ಮೂಲ ಭಾಷೆಗಳ ಪಟ್ಟಿಗೆ ಸೇರಿಸಿ. ಅಚ್ಚಾದ ವೈದ್ಯ ಗ್ರಂಥಗಳಿಂದ ಶುರು ಮಾಡಿ, ಆಮೇಲೆ ಮೈಸೂರು, ಹಂಪಿ, ಕೆಳದಿಯ ಸಂಗ್ರಹಗಳಲ್ಲಿರುವ ಓಲೆಗರಿಗಳಿಗೆ ಬನ್ನಿ. ಲಿಪಿ ಓದುವವರನ್ನೂ ಗಿಡ ಗುರುತಿಸುವವರನ್ನೂ ಒಂದೇ ಮೇಜಿಗೆ ಕೂರಿಸಿ, ಬ್ರಾಹ್ಮಿಯ ವಿಷಯದಲ್ಲಿ ಜಗಳ ಆಡಲು ಅವರಿಗೆ ಟೈಮ್ ಕೊಡಿ. ಬಾಯಿಮಾತಿನದ್ದಕ್ಕೆ ಬೇರೆಯೇ ದಾಖಲೆ ಇರಲಿ. ತಾರೀಕು, ಸಾಕ್ಷಿ, ಹೇಳಿದವರ ಸಹಿ, ಮುಚ್ಚಿದ ಲಕೋಟೆ. ಪೇಟೆಂಟ್ ತಕರಾರು ಬಂದ ದಿನ ಮಾತ್ರ, ಅವರ ಒಪ್ಪಿಗೆ ಕೇಳಿ ಒಡೆಯುವಂಥದ್ದು. ತಕರಾರು ಹಾಕುವ ಕೆಲಸವನ್ನು ಹಳ್ಳಿಯವರ ತಲೆಗೆ ಕಟ್ಟದೆ ನೀವೇ ಮಾಡಿ, ಶುಲ್ಕವನ್ನೂ ನೀವೇ ಕಟ್ಟಿ. ಬಹುಭಾಷೆಯ ಈ ದೇಶದಲ್ಲಿ ಕನ್ನಡಕ್ಕೆ ಮಾತ್ರ ಅಂತ ಕೇಳುತ್ತಿಲ್ಲ. ತೆಲುಗಿನವರು, ಮಲಯಾಳದವರು, ಒಡಿಯಾದವರು ಅವರವರ ಕಾಗದ ಬರೆಯಲಿ.

2024ರ ಮೇ 24ರಂದು ಜಿನೀವಾದಲ್ಲಿ ಒಂದು ಹೊಸ ಒಪ್ಪಂದ ಆಯಿತು. ಅದರ ಪ್ರಕಾರ ಪೇಟೆಂಟ್ ಅರ್ಜಿಯಲ್ಲಿ ಗಿಡ ಯಾವ ದೇಶದ್ದು, ತಿಳಿವಳಿಕೆ ಯಾವ ಸಮುದಾಯದ್ದು ಅಂತ ಹೇಳಬೇಕು. ಅದು ಜಾರಿಗೆ ಬರಲು 15 ದೇಶಗಳು ಸಹಿ ಹಾಕಿ ಒಪ್ಪಬೇಕು. ಒಳ್ಳೆಯದೇ. ಆದರೆ ಅರ್ಜಿದಾರ ಯಾರ ಹೆಸರೂ ಹೇಳದಿದ್ದರೆ, 'ಇದು ಇಂಥವರದ್ದು' ಅಂತ ತೋರಿಸಲು ಮತ್ತೆ ಬೇಕಾಗುವುದು ಅದೇ ಕಾಗದ, ಅದೇ ತಾರೀಕು.

ಹೋದ ತಿಂಗಳು ಮದ್ದಿನ ಅಜ್ಜಿಯ ಹತ್ತಿರ ಹೋಗಿದ್ದೆ. ಈ ಕಾಗದ ಬರೆಯುತ್ತೇನೆ, ನಿಮ್ಮ ವಿಷಯ ಸೇರಿಸಲಾ ಅಂತ ಕೇಳಿದೆ. "ಸೇರ್ಸು ಮಾರಾಯ, ಅದ್ಕೇನು," ಅಂದರು. ಮದ್ದು ಹೇಗೆ ಅರೆಯುವುದು ಅಂತಲೂ ತೋರಿಸಿದರು. ನಾನು ಬರೆದುಕೊಂಡೆ. ಗರಿಕೆ, ಕೆಮ್ಮಣ್ಣು. ಮೂರನೆಯ ಸೊಪ್ಪಿನ ಹೆಸರು ಕೇಳಿದಾಗ ನನ್ನ ಪೆನ್ನನ್ನೇ ನೋಡಿದರು. "ಅದನ್ನ ಬರ್ಕೊಂಡು ಎಲ್ಲಿ ಇಡ್ತೀಯ?" ಅಂತ ಕೇಳಿದರು.

ನನಗೆ ಉತ್ತರ ಗೊತ್ತಿರಲಿಲ್ಲ. ಆ ಸಾಲು ನನ್ನ ಪುಸ್ತಕದಲ್ಲಿ ಖಾಲಿ ಇದೆ. ನಿಮ್ಮ ಉತ್ತರ ಬಂದರೆ ಅವರಿಗೆ ಓದಿ ಹೇಳುತ್ತೇನೆ. ಕನ್ನಡದಲ್ಲಿದ್ದರೆ ಅನುಕೂಲ.

ಇಂತಿ,
ಹಳೆ ಕೈಬರಹ ಓದುವ ಒಬ್ಬ ಕನ್ನಡಿಗ